ಫಂಕ್ಷನ್ ಜನರೇಟರ್ ಬಿಚ್ಚಿದ ದಿನ

ಲಕ್ಷ್ಮೇಶ್ವರದ ಭಜನಾ ಮೇಳದ ಹಿರಿಯರೊಬ್ಬರು ತಮ್ಮ ಆಂಪ್ಲಿಫೈಯರನ್ನು ಎರಡನೇ ಸಲ ಬೆಟಗೇರಿಯ ನನ್ನ ಅಂಗಡಿಗೆ ಹೊತ್ತು ತಂದರು. "ಇನ್ನೂ ಸಣ್ಣಗ ಸೀಟಿ ಹೊಡ್ಯಾಕತ್ತೈತ್ರಿ" ಎಂದರು. ಹಚ್ಚಿ ಕೇಳಿದೆ. ಸೀಟಿಯೂ ಇಲ್ಲ, ಗೀಟಿಯೂ ಇಲ್ಲ.

"ಮಷಿನ್ ಬರೋಬರಿ ಐತ್ರೀ ಯಜಮಾನ್ರ. ನಿಮ್ಮ ಕಿವಿ ಒಮ್ಮೆ ತೋರಿಸ್ಕೊಂಡ್ ಬರ್ರಿ" ಅಂದುಬಿಟ್ಟೆ. ಇಷ್ಟು ವರ್ಷ ನನಗಿದ್ದ ಬಂಡವಾಳವೇ ಕಿವಿ. ಸ್ಪೀಕರ್ ಹರಿದಿದ್ದರೆ ರಸ್ತೆಯಿಂದಲೇ ಹೇಳಿಬಿಡುತ್ತಿದ್ದೆ. ಅವರು ಸಿಟ್ಟಾಗಲಿಲ್ಲ. "ಇನ್ನೊಮ್ಮೆ ನೋಡಿಡ್ರಿ, ಸಂಜೀಕ ನಿಮ್ಮ ಮನಿಗೆ ಬರ್ತೀನ್ರಿ. ಆಗಲಿಲ್ಲಂದ್ರ ಹುಬ್ಬಳ್ಳಿಗೆ ಒಯ್ತೀನಿ" ಎಂದು ಹೋದರು. ಹುಬ್ಬಳ್ಳಿಯ ಹೆಸರು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಅಂಗಡಿ ಮುಚ್ಚಿ ಆಂಪ್ಲಿಫೈಯರನ್ನು ಮನೆಗೆ ತಂದೆ. ಅಲ್ಲಿ ಅಟ್ಟದ ಮೇಲೆ ಹಳೆಯ ಫಂಕ್ಷನ್ ಜನರೇಟರ್ ಇತ್ತು. ದಪ್ಪ ಸದ್ದಿನಿಂದ ತೀರ ಕೀರಲು ಸದ್ದಿನವರೆಗೆ ಬೇಕಾದ್ದನ್ನು ಹುಟ್ಟಿಸುವ ಪೆಟ್ಟಿಗೆ. ಯಾವುದೋ ಲ್ಯಾಬಿನವರು ಗುಜರಿಗೆ ಹಾಕಿದಾಗ ತಂದದ್ದು. ಅದರಿಂದ ಆಂಪ್ಲಿಫೈಯರನ್ನು ಪರೀಕ್ಷಿಸಿ, ಹಿರಿಯರ ಮುಂದೆ ನನ್ನ ಮಾತೇ ನಿಜವೆಂದು ತೋರಿಸಬೇಕಿತ್ತು. ಮೊದಲು ಪೆಟ್ಟಿಗೆಗೆ ಸಣ್ಣ ಸ್ಪೀಕರ್ ಜೋಡಿಸಿದೆ. ಕರಕರ ಎಂದು ಸುಮ್ಮನಾಯಿತು.

ಬಿಚ್ಚಿದೆ. ರೇಂಜ್ ಬದಲಿಸುವ ಸ್ವಿಚ್ಚಿನ ಒಳಗೆಲ್ಲ ಕಿಲುಬು. ಉಜ್ಜಿದೆ. ಕೆಳಗಿನ ಸದ್ದುಗಳೆಲ್ಲ ಬಂದವು, ಕೊನೆಯ, ತೀರ ಕೀರಲು ರೇಂಜು ಮಾತ್ರ ಮೂಕ. ಕೆಪಾಸಿಟರ್ ಬದಲಿಸಿದೆ. ಮೂಕ. ಎದ್ದು ಬಾಗಿಲಿಗೆ ಹೋದೆ, ಮತ್ತೆ ಬಂದು ಕೂತೆ. ಚಹಾ ಆರಿತು. ಕರೆಂಟು ಹೋಯಿತು, ಬಂತು. ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡೆ. ಪೆಟ್ಟಿಗೆಯನ್ನೂ ಅದನ್ನು ತಂದ ನನ್ನನ್ನೂ ಸೇರಿಸಿ ಬೈದೆ. ಬಿಸಿಲು ಕಟ್ಟೆಯಿಂದ ಇಳಿಯತೊಡಗಿತ್ತು.

ಸದ್ದು ಪೂರ್ತಿ ಏರಿಸಿ ಮತ್ತೆ ಡಯಲ್ ತಿರುವಿದೆ. ಒಳಗೆ ರೊಟ್ಟಿ ಬಡಿಯುವುದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದಳು.

"ಮೊದಲ ಅದನ್ನ ಬಂದ್ ಮಾಡ್ರಿ! ಎಷ್ಟೊತ್ತಿಂದ ಸೀಟಿ ಹೊಡಸ್ತೀರಿ? ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತೈತಿ."

"ಯಾವ ಸೀಟಿ?"

"ಇದ!" ಸ್ಪೀಕರಿನತ್ತ ಬೆರಳು ಚಾಚಿದಳು.

ಆಫ್ ಮಾಡಿದೆ. ನನಗೇನೂ ವ್ಯತ್ಯಾಸ ತಿಳಿಯಲಿಲ್ಲ. "ಈಗ ನಿಂತತು ನೋಡ್ರಿ" ಅಂದಳು. ಅವಳಿಗೆ ಕಾಣದಂತೆ ಸ್ವಿಚ್ಚು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಒಮ್ಮೆಯೂ ತಪ್ಪಲಿಲ್ಲ ಅವಳು. ಪೆಟ್ಟಿಗೆ ಯಾವಾಗಲೋ ರಿಪೇರಿಯಾಗಿತ್ತು. ಕೆಟ್ಟದ್ದು ನನ್ನ ಕಿವಿಯೆಂದು ಹೊಳೆದು ಹೆದರಿಕೆಯಾಯಿತು.

ಆಂಪ್ಲಿಫೈಯರ್ ಹಚ್ಚಿ ಅವಳ ಮುಖ ನೋಡಿದೆ. ಹುಬ್ಬು ಗಂಟಿಕ್ಕಿದಳು. "ಇದೂ ಸೀಟಿ ಹೊಡೀತೈತಿ."

ಅದರ ಮುಚ್ಚಳ ಬಿಚ್ಚುತ್ತ, "ಇಲ್ಲೇ ಕುಂಡ್ರು. ಸೀಟಿ ನಿಂತ ಕೂಡಲೇ ಹೇಳು" ಎಂದೆ.

"ರೊಟ್ಟಿ ಯಾರು ಬಡೀಬೇಕು?"

ನಾನು ಪಕ್ಕದ ಮಣೆಯನ್ನು ಅವಳತ್ತ ಸರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ನಾನು ಒಂದೊಂದೇ ವೈರು ಸರಿಸುತ್ತ, ಬೆಸುಗೆ ಹಾಕುತ್ತ ಹೋದೆ.

ಸಂಜೆ ಹಿರಿಯರು ಬಾಗಿಲಲ್ಲಿ ನಿಂತು, "ಆತೇನ್ರಿ?" ಎಂದು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ.