ಕೂಡಿದರೆ ಏಳು, ಗುಣಿಸಿದರೆ ಹನ್ನೆರಡು

ಮೊನ್ನೆ ಚಾಮರಾಜಪೇಟೆಯಲ್ಲಿ ಆಟೊ ನಿಂತಾಗ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಯಾರೋ ರಸ್ತೆಯ ಹಳದಿ ಬೋರ್ಡಿನ ಅಂಕಿಗಳಿಗೆ ಹೊಸದಾಗಿ ಕಪ್ಪು ಬಳಿಯುತ್ತಿದ್ದರು. ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಮೂರನೇ ಸಲ ಒದ್ದಾಡುತ್ತಿದ್ದವನು ಅದನ್ನೂ ಮರೆತೆ. ಲೆಕ್ಕದ ಮೇಷ್ಟ್ರು ನೆನಪಾದರು...

ಹೈಸ್ಕೂಲಿನಲ್ಲಿದ್ದಾಗ ಲೆಕ್ಕದ ಪುಸ್ತಕ ಕಂಡರೆ ನನ್ನ ಅಂಗೈ ಬೆವರುತ್ತಿತ್ತು. ಮನೆಪಾಠಕ್ಕೆ ಹೋದರೆ ಅವರು ಪುಸ್ತಕ ಮುಚ್ಚಿಸಿ ನನ್ನನ್ನು ಬೀದಿಗೆ ಕರೆದೊಯ್ಯುತ್ತಿದ್ದರು. ಮೇನ್ ರಸ್ತೆಗೆ ಕ್ರಾಸ್ ರಸ್ತೆ ಕೂಡುವ ಮೂಲೆಮೂಲೆಗೂ ಬೋರ್ಡಿನೆದುರು ನಿಲ್ಲುವುದು.

"ಮೂರನೇ ಮೇನ್, ನಾಲ್ಕನೇ ಕ್ರಾಸ್. ಎರಡೂ ಅಂಕಿಗಳ ವರ್ಗ ಕೂಡು. ಎಷ್ಟು?"

"ಇಪ್ಪತ್ತೈದು ಸಾರ್."

"ಅದು ಐದರ ವರ್ಗ. ನಡಿ, ಐದನೇ ಕ್ರಾಸಲ್ಲಿ ಕಾಫಿ ಕುಡಿಯೋಣ."

ಹೀಗೆ ಬೋರ್ಡುಗಳ ದಯೆಯಿಂದ ಪಾಸಾದೆ.

ನಾನು ಕೆಲಸಕ್ಕೆ ಸೇರಿದ ಮೇಲೆ, ಊರು ಬಿಟ್ಟಿದ್ದ ಅವರಿಂದ ಒಂದು ಕಾರ್ಡು ಬಂತು. "ಚಾಮರಾಜಪೇಟೆಗೇ ವಾಪಸ್ ಬಂದಿದ್ದೇನೆ, ಮಗಳ ಮನೆಗೆ. ಮೇನ್, ಕ್ರಾಸ್ ಕೂಡಿದರೆ ಏಳು, ಗುಣಿಸಿದರೆ ಹನ್ನೆರಡು. ಮೂಲೆ ಮನೆ. ಬುಧವಾರ ಹಾರ್ಟ್ ಆಪರೇಷನ್. ಅದಕ್ಕೆ ಮುಂಚೆ ನಿನ್ನನ್ನು ನೋಡಬೇಕು, ಭಾನುವಾರ ಬಾ."

ಮೂರು, ನಾಲ್ಕು! ನಮ್ಮ ಹಳೆಯ ಬೋರ್ಡು. ಮೂಸಂಬಿ ಹಿಡಿದು ಮೂರನೇ ಮೇನ್, ನಾಲ್ಕನೇ ಕ್ರಾಸಿಗೆ ಹೋದೆ. ನಾಲ್ಕೂ ಮೂಲೆಯ ಮನೆಗಳಲ್ಲಿ ಕೇಳಿದೆ. "ಮೇಷ್ಟ್ರಾ? ಇಲ್ಲಿ ಯಾರೂ ಇಲ್ವಲ್ಲಪ್ಪ" ಎಂದರು. ನನ್ನ ಮೇಲೆ ಬೇಸರವಾಗಿ ಮನಸ್ಸು ಬದಲಾಯಿಸಿ, ಇಲ್ಲವೆಂದು ಹೇಳಿಸಿರಬೇಕು ಎಂದುಕೊಂಡು, ಮಾಡಿದ್ದ ತಪ್ಪುಗಳನ್ನೆಲ್ಲ ಲೆಕ್ಕ ಹಾಕುತ್ತ ಮನೆಗೆ ಬಂದೆ. ಎಲ್ಲದಕ್ಕೂ ಕೊರಗುವ ನಾನು, ನನ್ನ ಉತ್ತರ ಸರಿಯೇ ಎಂದು ಮಾತ್ರ ಕೊರಗಲಿಲ್ಲ.

ಗುರುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ನಾಲ್ಕನೇ ಮೇನ್, ಮೂರನೇ ಕ್ರಾಸ್! ಬಾಯಿ ಮುಕ್ಕಳಿಸಿದವನೇ ಓಡಿದೆ. ಮೂಲೆ ಮನೆಯ ಮುಂದೆ ಚಪ್ಪಲಿಗಳ ರಾಶಿ...

"ನೀವೇನಾ ಅದು?" ಎಂದರು ಅವರ ಮಗಳು. "ಆಪರೇಷನ್ನಿಂದ ಏಳ್ಲೇ ಇಲ್ಲ ಅಪ್ಪ. ಭಾನುವಾರ ಪೂರ್ತಿ ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ರು. ಕತ್ತಲಾದ್ಮೇಲೆ ಒಳಗೆ ಬಂದು, 'ಎರಡು ಉತ್ತರ ಇರೋ ಲೆಕ್ಕ ಕೊಟ್ಬಿಟ್ಟೆ ಕಣೇ. ಅವನದ್ದೇನೂ ತಪ್ಪಿಲ್ಲ' ಅಂದ್ರು."

ಮೊನ್ನೆ ಆಟೊ ಇಳಿದು, ಅಂದು ನಾನು ಹೋಗಿದ್ದ ಮೂಲೆಯಿಂದ ಅವರು ಕಾದಿದ್ದ ಮೂಲೆಗೆ ನಡೆದು ನೋಡಿದೆ. ಮಂಡಿನೋವಿದೆ, ಕುಂಟುತ್ತಲೇ ನಡೆದೆ. ಆದರೂ ಐದು ನಿಮಿಷ ಹಿಡಿಯಲಿಲ್ಲ.