ಅಲ್ ಹೈಲಿನ ಹಿಮವೀರ

ಮಸ್ಕತ್ತಿನ ಹತ್ತಿರದ ರುಸೈಲಿನಲ್ಲಿ ನಾನು ಕೆಲಸ ಮಾಡುವ ಪೈಪು ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಆಸ್ಟ್ರಿಯಾದ ಎಂಜಿನಿಯರ್ ಊರಿಗೆ ಹೊರಟಾಗ ಹಿಮದ ಮೇಲೆ ನಿಂತು ಜಾರುವ ಹಲಗೆ, ತನ್ನ ಸ್ನೋಬೋರ್ಡನ್ನು, ನನಗೆ ಕೊಟ್ಟುಹೋದ. “ಗಟ್ಟಿ ಹಿಮ, ಪುಡಿ ಹಿಮ, ಕರಗಿದ ಹಿಮ, ಎಲ್ಲದಕ್ಕೂ ಇದೊಂದೇ ಸಾಕು” ಎಂದ. ಒಮಾನಿನಲ್ಲಿ ಹಿಮ ಎಲ್ಲಿದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಟ್ಟಿ ಸಿಕ್ಕಿದ್ದಕ್ಕೆ ಪ್ರಶ್ನೆ ಹಾಕುವುದು ನನ್ನ ಜಾಯಮಾನವಲ್ಲ.

ಹಲಗೆಯ ಉದ್ದ ನೂರ ಅರವತ್ತೈದು ಸೆಂಟಿಮೀಟರ್. ನನ್ನ ಎತ್ತರ ಅದಕ್ಕಿಂತ ಮೂರು ಕಡಿಮೆ. ಅಲ್ ಹೈಲಿನ ನಮ್ಮ ಫ್ಲ್ಯಾಟಿಗೆ ತಂದು ನಿಲ್ಲಿಸಿದಾಗ ಹೆಂಡತಿ ಅದನ್ನೂ ನನ್ನನ್ನೂ ನೋಡಿ, “ಇದೆಂತದು, ಇಸ್ತ್ರಿ ಹಾಕ್ಲಿಕ್ಕಾ?” ಎಂದಳು. ಮಗಳು, “ಪಪ್ಪಾ, ಇಟ್ಸ್ ಅ ಸ್ನೋಬೋರ್ಡ್. ಬಟ್ ವೈ?” ಎಂದು ನನ್ನನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಹೆಂಡತಿ ಅದನ್ನು ನಮ್ಮ ಊರವರ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಳು.

ಒಂದು ಗಂಟೆಯೊಳಗೆ ಸಂಘದ ಕಾರ್ಯದರ್ಶಿಯ ಫೋನು.

“ಇಷ್ಟು ದೊಡ್ಡ ಸಾಧನೆ ಮುಚ್ಚಿಟ್ಟಿದ್ದೀರಲ್ಲ ಮಾರಾಯ್ರೆ!”

“ನಾನು ಒಮ್ಮೆಯೂ ಆಡಿದ್ದೇ ಇಲ್ಲ.”

“ನಿಮ್ಮ ವಿನಯ ನಮಗೆ ಗೊತ್ತುಂಟು. ಮುಂದಿನ ಶುಕ್ರವಾರ ಸನ್ಮಾನ.”

ನಮ್ಮ ಸಂಘದಲ್ಲಿ ಆ ಹೊತ್ತಿಗೆ ಸನ್ಮಾನವಾಗದೆ ಉಳಿದವರು ನಾಲ್ಕೋ ಐದೋ ಮಂದಿ. ಕಾರ್ಯದರ್ಶಿಗೆ ಸನ್ಮಾನಿಸಲು ಜನ ಬೇಕಿತ್ತು, ನನ್ನಲ್ಲಿ ಕಾರಣವೂ ಸಿಕ್ಕಿತು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಪರಿಚಯ ಮಾಡಿಕೊಟ್ಟವರು “ಹಿಮಾಲಯದ ಇಳಿಜಾರುಗಳಲ್ಲಿ ಪಳಗಿದವರು” ಎಂದರು. ತಿದ್ದಬೇಕೆಂದು ಎದ್ದೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಕೂತುಬಿಟ್ಟೆ.

ಆಗ ಸಭೆಯ ಹಿಂದಿನ ಸಾಲಿನಿಂದ ನನ್ನ ನೆರೆಮನೆಯವರು ಎದ್ದರು. ಸೀಬಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬ್ಯಾರಿ ಮಿತ್ರರು. ಮಾತಿನಲ್ಲಿ ಕಪಟವಿಲ್ಲ, ಅದೇ ಅವರ ತೊಂದರೆ. “ಸನ್ಮಾನ ಖಲಾಸ್. ಇನ್ನು ಒಂದು ಸಲ ಆಡಿ ತೋರಿಸ್ಲಿ ಅಲ್ವಾ? ಮಾಲಿನಲ್ಲಿ ಸ್ನೋ ಹಾಲ್ ಉಂಟಲ್ಲ!” ಮೊದಲಿಗಿಂತ ದೊಡ್ಡ ಚಪ್ಪಾಳೆ. ತಿಂಗಳೊಪ್ಪತ್ತಿನ ಗಡುವು ಸಿಕ್ಕಿತು.

ಮರುದಿನವೇ ಹಲಗೆ ಹೊತ್ತು ಕೃತಕ ಹಿಮದ ಆ ಸ್ನೋ ಹಾಲಿಗೆ ಓಡಿದೆ. ಅಲ್ಲಿಗೆ ಅದುವರೆಗೆ ಯಾರೂ ಸ್ವಂತ ಹಲಗೆ ತಂದಿರಲಿಲ್ಲವಾದ್ದರಿಂದ ತಡೆಯುವ ನಿಯಮವೂ ಇರಲಿಲ್ಲ. ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಮೈನಸ್ ಎರಡು. ತರಬೇತುದಾರ ನೇಪಾಳದವನೆಂದು ತಿಳಿದು ಧೈರ್ಯ ಬಂತು. ಹಿಮದಲ್ಲೇ ಹುಟ್ಟಿ ಬೆಳೆದವನಲ್ಲವೇ ಎಂದೆ. “ನಹೀಂ ಸರ್, ನಾನು ತರಾಯಿ ಬಯಲಿನವನು. ಹಿಮ ನೋಡಿದ್ದೇ ಮಸ್ಕತ್ತಿಗೆ ಬಂದ ಮೇಲೆ” ಎಂದು ಹಿಂದಿಯಲ್ಲಿ ಹೇಳಿ ನಕ್ಕ.

ಆದರೆ ಕಲಿಸುವುದು ಅವನಿಗೆ ಗೊತ್ತಿತ್ತು. ಎರಡೂ ಪಾದ ಒಂದೇ ಹಲಗೆಗೆ ಬಿಗಿದು ಅಡ್ಡಕ್ಕೆ ನಿಲ್ಲಬೇಕು, ಮಂಡಿ ಬಗ್ಗಿಸಬೇಕು, ನೋಟ ಹೋಗಬೇಕಾದ ಕಡೆಗಿರಬೇಕು. ನನ್ನ ನೋಟ ಸದಾ ಬೀಳಲಿರುವ ಕಡೆಗಿತ್ತು. ಆ ಸಣ್ಣ ಇಳಿಜಾರಿನಲ್ಲೇ ಆಸ್ಟ್ರಿಯಾದವನು ಹೇಳಿದ ಹಿಮಗಳೆಲ್ಲ ಇದ್ದವು. ಬೆಳಿಗ್ಗೆ ಬಾಗಿಲು ತೆರೆದಾಗ ಗಾಜಿನಷ್ಟು ಗಟ್ಟಿ. ಬಿದ್ದರೆ ಸೊಂಟ ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಯಂತ್ರ ಉದುರಿಸಿದ ಪುಡಿ ಅಕ್ಕಿಹಿಟ್ಟಿನಷ್ಟು ನಯ. ಅದರ ಮೇಲೆ ಉದ್ದದ ಹಲಗೆ ದೋಣಿಯಂತೆ ತೇಲುತ್ತಿತ್ತು. ಸಂಜೆ ಮಕ್ಕಳೆಲ್ಲ ತುಳಿದ ಮೇಲೆ ಬರೀ ಗಂಜಿ. ಉದ್ದದ ಹಲಗೆ ನೇರಕ್ಕೆ ಬಲು ಗಂಭೀರವಾಗಿ ಹೋಗುತ್ತದೆ. ತಿರುಗು ಎಂದರೆ ಹಳೆಯ ಗುಮಾಸ್ತನಂತೆ ಯೋಚಿಸುತ್ತದೆ. ಅದು ಯೋಚಿಸಿ ಮುಗಿಸುವಷ್ಟರಲ್ಲಿ ಇಳಿಜಾರೇ ಮುಗಿದಿರುತ್ತಿತ್ತು.

ಪ್ರದರ್ಶನದ ದಿನ ಸಂಘದ ಮೂವತ್ತು ಕುಟುಂಬಗಳು ಬಾಡಿಗೆ ಕೋಟು ತೊಟ್ಟು ಕೆಳಗೆ ನಿಂತವು. ಒಳಗೆ ಸೀರೆ, ಮೇಲೆ ಕೋಟು, ಕಾಲಿಗೆ ಗಮ್‌ಬೂಟು. ಕಾರ್ಯದರ್ಶಿ ಕಾಗದ ಬಿಚ್ಚಿ ಸ್ವಾಗತ ಭಾಷಣ ಶುರುಮಾಡಿದರು. ಇಳಿಜಾರಿನ ಬುಡದಲ್ಲೇ, ಸರಿಯಾಗಿ ನನ್ನ ದಾರಿಯಲ್ಲಿ. ಭಾಷಣ ಮುಗಿಯಲೆಂದು ಮೇಲೆ ಕಾದೆ. ಅವರ ಭಾಷಣಗಳು ಮುಗಿಯುವುದಿಲ್ಲವೆಂದು ನನಗೆ ನೆನಪಾಗುವುದರೊಳಗೆ ನೆರೆಮನೆಯವರು ಕೂಗಿದರು: “ಯಲ್ಲಾ, ಬಿಡಿ ಮಾರಾಯ್ರೆ!”

ಬಿಟ್ಟೆ. ಸಂಜೆಯ ಗಂಜಿಹಿಮ. ತಿರುಗಲು ಒಂದು ಬಾರಿ ಯತ್ನಿಸಿದೆ, ಹಲಗೆ ಒಪ್ಪಲಿಲ್ಲ. ದಾರಿ ಬಿಡಲೆಂದು “ಸರೀ ಸರೀ!” ಎಂದು ಕಿರುಚಿದೆ. ತಮ್ಮ ಮಾತಿಗೆ ಸಭೆಯ ಸಮ್ಮತಿ ಎಂದುಕೊಂಡ ಕಾರ್ಯದರ್ಶಿ ತಲೆಯಾಡಿಸಿದರು. ಮರುಕ್ಷಣ ಇಬ್ಬರೂ ಕೂಡಿ ರಬ್ಬರ್ ಗೋಡೆಯವರೆಗೆ ಜಾರಿದೆವು. ನನ್ನ ಮೇಲೆ ಅವರು, ಅವರ ಮೇಲೆ ಭಾಷಣ.

ಗಾಯವೇನೂ ಆಗಲಿಲ್ಲ. ಎದ್ದು ಹಿಮ ಕೊಡವಿಕೊಂಡ ಕಾರ್ಯದರ್ಶಿ ನನ್ನ ಕೈ ಎತ್ತಿ ಹಿಡಿದು, “ನೋಡಿ, ಎಂತಹ ವೇಗ!” ಎಂದು ಸಾರಿದರು. ಸನ್ಮಾನಿತ ಬಿದ್ದನೆಂದು ಸಂಘ ಒಪ್ಪಿಕೊಳ್ಳುವ ಹಾಗಿರಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಹೆಂಡತಿ ಕಣ್ಣೀರು ಬರುವವರೆಗೆ ನಕ್ಕಳು. ನನಗೂ ತಡೆಯಲಾಗಲಿಲ್ಲ, ಒಂದು ತಿಂಗಳಲ್ಲಿ ಅದೇ ಮೊದಲ ಸಲ ಎದೆ ಹಗುರಾಗಿತ್ತು.

ಮುಂದಿನ ಶನಿವಾರ ಮಧ್ಯಾಹ್ನ ಒಬ್ಬನೇ ಹೋದೆ. ಆಗಷ್ಟೇ ಉದುರಿದ ಪುಡಿ. ಹಾಲಿನಲ್ಲಿ ತರಬೇತುದಾರನ ಹೊರತು ಯಾರೂ ಇರಲಿಲ್ಲ. ಏನನ್ನೂ ತೋರಿಸಬೇಕಾಗಿರಲಿಲ್ಲವಾದ್ದರಿಂದ ಮಂಡಿ ತಾನಾಗಿ ಬಗ್ಗಿತು. ಎಡಕ್ಕೆ ನೋಡಿದೆ, ಹಲಗೆ ಎಡಕ್ಕೆ ಹೊರಳಿತು. ಬಲಕ್ಕೆ ನೋಡಿದೆ, ಬಲಕ್ಕೂ ಬಂತು. ಕೆಳಗೆ ನಿಂತು ತಿರುಗಿ ನೋಡಿದರೆ ಬಿಳಿಯ ಮೇಲೆ ನನ್ನದೇ ಗೀರು, ಸ್ವಲ್ಪ ಸೊಟ್ಟ. ತರಬೇತುದಾರ ಬೆನ್ನು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಅವನನ್ನು ಕರೆದು ತೋರಿಸಲಿಲ್ಲ. ಹಲಗೆ ಬಿಚ್ಚಿ ಹೆಗಲಿಗೇರಿಸಿ ಮತ್ತೆ ಮೇಲಕ್ಕೆ ನಡೆದೆ.