ಮೂರನೆಯ ಗೀಟು

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಗಾಜಕ್ಕ ಎನ್ನುತ್ತಿದ್ದೆವು. ಇಪ್ಪತ್ತೆಂಟು ವರ್ಷ ಉರಿಯ ಮುಂದೆ ಕೂತು ಗಾಜಿನ ಕೊಳವೆ ಊದಿದವರು. ಪಕ್ಕದ ಮೇಜು ನನ್ನದು, ವಿದ್ಯುತ್ ಉಪಕರಣಗಳ ಕೆಲಸ. ಯಾರಾದರೂ ಕೊಳವೆ ಒಡೆದುಕೊಂಡು ಬಂದರೆ, "ಗಾಜು ಒಡೆಯೋಕೆ ಇಷ್ಟೆಲ್ಲ ಓದಬೇಕಿತ್ತೇನಪ್ಪಾ?" ಎಂದು ಮಾನ ಕಳೆದು, ಸಂಜೆಯೊಳಗೆ ಹೊಸದು ಮಾಡಿ ಕೊಡುತ್ತಿದ್ದರು.

ಕೊಳವೆಯೊಳಗೆ ಎದುರುಬದುರು ಎರಡು ಲೋಹದ ಬಿಲ್ಲೆ, ನಡುವೆ ನಿಯಾನ್ ಇಲ್ಲವೇ ಆರ್ಗಾನ್. ಎರಡೂ ಯಾರ ತಂಟೆಗೂ ಹೋಗದ ಜಡಾನಿಲಗಳು, ಕರೆಂಟನ್ನೂ ಹತ್ತಿರ ಸೇರಿಸುವುದಿಲ್ಲ. ವೋಲ್ಟೇಜ್ ಏರಿಸುತ್ತ ಹೋದರೆ ಒಂದು ಅಂಕಿಯಲ್ಲಿ ಹಟ ಮುರಿದು ಬೆಳಗುತ್ತವೆ. ಒಂದೇ ದಿಕ್ಕಿನ ಕರೆಂಟಾದರೆ ಎಲೆಕ್ಟ್ರಾನುಗಳು ಓಡಿ ಎದುರಿನ ಬಿಲ್ಲೆ ಸೇರಿ ಮುಗಿದುಹೋಗುತ್ತವೆ. ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ಎ.ಸಿ. ಕೊಟ್ಟರೆ, ಅತ್ತ ಮುಟ್ಟುವ ಮೊದಲೇ ಇತ್ತ ಎಳೆಸಿಕೊಂಡು, ನಡುವೆಯೇ ಓಲಾಡುತ್ತ, ಅನಿಲದ ಕಣಗಳಿಗೆ ಡಿಕ್ಕಿ ಹೊಡೆದು ಸಂಖ್ಯೆಯಲ್ಲಿ ಬೆಳೆಯುತ್ತವೆ. ಆಗ ಕಡಿಮೆ ವೋಲ್ಟೇಜಿಗೇ ಅನಿಲ ಸೋಲುತ್ತದೆ.

ಆದರೆ ನಿಯಾನಿನಲ್ಲಿ ಚಿಟಿಕೆಯಷ್ಟು ಆರ್ಗಾನ್ ಉಳಿದಿದ್ದರೂ ಆ ನಿಯಾನ್ ಇನ್ನೂ ಕಡಿಮೆ ವೋಲ್ಟೇಜಿಗೇ ಸೋಲುತ್ತದೆ. ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ, ಅದೇ ಕೆಂಪು. ಕೊಳವೆಗಳಿಗೆಲ್ಲ ಅನಿಲ ತುಂಬುವ ಪೈಪು ಒಂದೇ. ಅದಕ್ಕೇ ಅನಿಲ ಬದಲಿಸುವಾಗ ಹೊಸ ಅನಿಲ ಹಾಯಿಸಿ ಆ ಪೈಪನ್ನು ಮೂರು ಸಲ ತೊಳೆಯುವುದು ಗಾಜಕ್ಕನ ಕಟ್ಟಳೆ. ಒಂದೊಂದು ಸಲಕ್ಕೂ ಪುಸ್ತಕದಲ್ಲಿ ಕೊಳವೆಯ ನಂಬರಿನ ಮುಂದೆ ಒಂದೊಂದು ಗೀಟು.

ಸಂಶೋಧನೆಗೆ ಬಂದಿದ್ದ ಹುಡುಗಿಯೊಬ್ಬಳು ಅವರ 212ನೇ ಕೊಳವೆಯಲ್ಲಿ ವರ್ಷವಿಡೀ ನಿಯಾನ್ ಅಳೆದಳು. ಎ.ಸಿ.ಯಲ್ಲಿ ಅದು ಸೋಲುವ ವೋಲ್ಟೇಜ್ ಯಾರೂ ಕಾಣದಷ್ಟು ಕಡಿಮೆ ಬಂತು. ಪ್ರೊಫೆಸರರು ಹಿರಿಹಿರಿ ಹಿಗ್ಗಿದರು. ಲೇಖನ ಸಿದ್ಧವಾಗಿ ಪತ್ರಿಕೆಗೆ ಹೋಯಿತು. ಕೊನೆಯಲ್ಲಿ ಗಾಜಕ್ಕನ ಹೆಸರು ಹಾಕಿ ಕೃತಜ್ಞತೆ. ಅಷ್ಟು ವರ್ಷಗಳಲ್ಲಿ ಅವರ ಹೆಸರು ಅಚ್ಚಾಗುವುದು ಅದೇ ಮೊದಲು. ಕನ್ನಡಕ ಸಿಗುತ್ತಿಲ್ಲವೆಂದು ಹೇಳಿ ನನ್ನಿಂದ ಆ ಸಾಲನ್ನು ಎರಡು ಸಲ ಓದಿಸಿದರು. ಕನ್ನಡಕ ತಲೆಯ ಮೇಲೇ ಇತ್ತು.

ನಿವೃತ್ತಿಗೆ ಇನ್ನೊಂದು ವಾರ ಇದ್ದಾಗ ಪುಸ್ತಕ ನನಗೆ ಒಪ್ಪಿಸಲು ಹಾಳೆ ತಿರುವುತ್ತಿದ್ದರು. ಕೈ ನಿಂತಿತು. 212ರ ಮುಂದೆ ಎರಡೇ ಗೀಟು. ಅದರ ಹಿಂದಿನ ಕೊಳವೆ ಆರ್ಗಾನಿನದು.

ನಾನು ಪಕ್ಕದಲ್ಲಿದ್ದ ತಾರೀಖು ನೋಡಿದೆ. ಅವತ್ತು ಅರ್ತ್ ವಯರ್ ಹಾಕದೆ ಯಂತ್ರ ಮುಟ್ಟಿದ್ದವನು ನಾನು. "ಅಕ್ಕಾ, ಸ್ವಿಚ್ಚು!" ಎಂದು ಕಿರುಚಿದ್ದೆ. ಅವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದು ಆರಿಸಿದ್ದರು. ನನ್ನ ಸುಟ್ಟ ಅಂಗೈಗೆ ಪಟ್ಟಿ ಕಟ್ಟಿ, ಆಮೇಲೆ ಹೋಗಿ ಕೊಳವೆ ತುಂಬಿದ್ದರು. ತಪ್ಪು ನನ್ನದಾದ್ದರಿಂದ ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಿದ್ದೆ.

ಪೆನ್ಸಿಲ್ ಗಾಜಕ್ಕನ ಕೈಯಲ್ಲೇ ಇತ್ತು. ಇನ್ನೊಂದು ಗೀಟು ಎಳೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಪುಸ್ತಕ ಮುಚ್ಚಿ ಹುಡುಗಿಯ ಕೋಣೆಗೆ ನಡೆದರು. ನಾನೂ ಹಿಂದೆಯೇ ಹೋದೆ.

"ಮಗಳೇ, ನಿನ್ನ ಕೊಳವೆ ಸರಿಯಿಲ್ಲ. ಒಂದು ಸಲ ತೊಳೆಯೋದು ಬಿಟ್ಟುಹೋಗಿದೆ."

"ಗೀಟು ಹಾಕೋದು ಮರೆತಿರಬಹುದಲ್ಲ ಅಕ್ಕಾ?"

"ಇರಬಹುದು. ಹೊಸದು ಮಾಡಿಕೊಡ್ತೀನಿ, ನೋಡೇ ಬಿಡೋಣ."

ಎರಡು ದಿನದಲ್ಲಿ ಹೊಸ ಕೊಳವೆ ಬಂತು. ಅಂಕಿ ಎಲ್ಲರಿಗೂ ಬರುವಷ್ಟೇ ಬಂತು. ಹುಡುಗಿ ಅತ್ತಳು, ಲೇಖನ ವಾಪಸು ತರಿಸಿಕೊಂಡದ್ದಾಯಿತು, ಅದರ ಜೊತೆ ಆ ಸಾಲೂ ಹೋಯಿತು. ಎಲ್ಲರೆದುರು ಪ್ರೊಫೆಸರರು ಕೇಳಿದರು, "ನಿಮ್ಮ ಕೈಯಲ್ಲಿ ಹೀಗೆ ಹೇಗಾಯ್ತು?"

"ವಯಸ್ಸಾಯ್ತು ಸಾರ್, ಮರೆತೆ."

ನಾನು ನೆಲ ನೋಡುತ್ತ ನಿಂತಿದ್ದೆ. ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಅವರು ಹೊರಡುವ ದಿನ ಚೀಲ ಹೊತ್ತು ಗೇಟಿನವರೆಗೆ ಹೋದೆ. "ಅಕ್ಕಾ, ಅವತ್ತು ನಿಮ್ಮನ್ನ ಕೂಗಿದ್ದು..." ಎಂದೆ.

ಅವರು ನನ್ನ ಅಂಗೈ ಹಿಡಿದು ತಿರುಗಿಸಿ ಸುಟ್ಟ ಕಲೆ ನೋಡಿದರು. "ತಾರೀಖು ನನಗೂ ಓದೋಕೆ ಬರುತ್ತೆ ಕಣೋ. ಐದು ಬೆರಳೂ ಆಡ್ತವಲ್ಲ?"

"ಹೂಂ."

"ಸಾಕು ಬಿಡು. ಅರ್ತ್ ವಯರ್ ಮಾತ್ರ ಮರೀಬೇಡ."

ವಾಪಸು ಬಂದವನು ಪುಸ್ತಕ ತೆರೆದೆ. 212ರ ಎರಡು ಗೀಟಿನ ಪಕ್ಕದಲ್ಲಿ ಅವತ್ತು ನಡೆದದ್ದನ್ನೆಲ್ಲ ಬರೆದು ನನ್ನ ಸಹಿ ಹಾಕಿದೆ. ಆಮೇಲೆ ಅದನ್ನು ಹಿಡಿದುಕೊಂಡು ಪ್ರೊಫೆಸರರ ಬಾಗಿಲು ತಟ್ಟಿದೆ.